ಇನ್ನಾಸಪ್ಪನವರ ಕಾಲು ತಪಾಸಣೆ

ಟಿ. ದಾಸರಹಳ್ಳಿಯ ಮೆಟ್ರೋ ಕಂಬಗಳ ಕೆಳಗೆ, ಬಸ್ಸು, ಆಟೋ, ತಳ್ಳುಗಾಡಿಗಳು ಒಂದರ ಮೈಯನ್ನೊಂದು ಸವರಿಕೊಂಡು ಹೋಗುವ ಹೊತ್ತಿನಲ್ಲಿ, ನೀಲಿ ಕೋಟು ತೊಟ್ಟ ಹಿರಿಯರೊಬ್ಬರು ಇದ್ದಕ್ಕಿದ್ದ ಹಾಗೆ ನಿಂತು, ತಲೆಯ ಮೇಲಿನ ಟೋಪಿ ತೆಗೆದು, ಆಕಾಶವೇ ಕಾಣದ ಆ ಜಾಗದಲ್ಲೂ ಕತ್ತೆತ್ತಿ ಯಾರಿಗೋ ಸಮಾಧಾನ ಹೇಳುತ್ತಿದ್ದರೆ, ಅವರೇ ಇನ್ನಾಸಪ್ಪನವರು. ಹೊಸಬರು, ಪಾಪ, ಫೋನಿನಲ್ಲಿ ಮಾತನಾಡುತ್ತಿದ್ದಾರೆ ಎಂದುಕೊಂಡು ಹೋಗುತ್ತಾರೆ. ಹಳಬರು ಮಾತ್ರ ತಿರುಗಿ ಸುತ್ತಮುತ್ತ ನೋಡುತ್ತಾರೆ. ಹತ್ತಿರದಲ್ಲೆಲ್ಲೋ ಯಾರೋ ಏನೋ ತಪ್ಪು ಮಾಡಿದ್ದಾರೆ, ಇನ್ನಾಸಪ್ಪನವರು ಅವರ ಪರವಾಗಿ ದೇವರ ಹತ್ತಿರ ಮಾತನಾಡುತ್ತಿದ್ದಾರೆ ಎಂದು ಅವರಿಗೆ ಗೊತ್ತು.

ಒಂದು ದಿನ ಆಟೋದವನೊಬ್ಬ ಹೂ ಮಾರುವ ಶಿವಲಿಂಗಮ್ಮನ ಬುಟ್ಟಿಗೆ ಚಕ್ರ ತಾಗಿಸಿದ್ದಲ್ಲದೆ, ಅವಳಿಗೇ ಬಾಯಿಗೆ ಬಂದಂತೆ ಬೈದ. ಇನ್ನಾಸಪ್ಪನವರು ಅಲ್ಲಿಯೇ ಟೋಪಿ ತೆಗೆದರು.

"ಬೇಜಾರ್ ಮಾಡ್ಕೋಬೇಡಿ ಸ್ವಾಮಿ, ಅವ್ನು ಒಳ್ಳೇವ್ನೇ. ಬೆಳಗ್ಗೆ ತಿಂಡಿ ತಿಂದಿಲ್ಲ ಅಂತ ಕಾಣುತ್ತೆ."

ಆಟೋದವನು ಕತ್ತು ಹೊರಗೆ ಹಾಕಿದ. "ಯಾರಿಗ್ ಹೇಳ್ತಿದೀಯ ಅಜ್ಜ? ನಂಗಾ?"

"ನಿಮ್ಗಲ್ಲಪ್ಪ. ನಿಮ್ ಬಗ್ಗೆ ಹೇಳ್ತಿದೀನಿ, ಅಷ್ಟೇ. ನೀವು ಹೊರಡಿ."

ಆಟೋದವನಿಗೆ ಹೊರಡಲಾಗಲಿಲ್ಲ. ಎದುರಿಗೆ ನಿಂತು ಜಗಳಕ್ಕೆ ಬಂದವರನ್ನು ಎದುರಿಸಿ ಅವನಿಗೆ ಅಭ್ಯಾಸವಿತ್ತು, ತನಗೆ ಕಾಣದವರ ಮುಂದೆ ತನ್ನನ್ನು ಬಿಟ್ಟುಕೊಡದೆ ವಾದಿಸುವವರನ್ನು ಅವನು ಕಂಡಿರಲಿಲ್ಲ. ಕೊನೆಗೆ ಇಳಿದು ಬಂದು ಚೆಲ್ಲಿದ ಸೇವಂತಿಗೆಯನ್ನು ಬುಟ್ಟಿಗೆ ತುಂಬಿ, "ಸಾರಿ ಅಕ್ಕ, ತಿಂಡಿ ತಿಂದಿದ್ದೆ, ಆದ್ರೂ ಸಾರಿ" ಎಂದು ಹೇಳಿ ಹೋದ. ಅಂದಿನಿಂದ ಶಿವಲಿಂಗಮ್ಮನ ಬಾಯಲ್ಲಿ ಅದೊಂದು ಆಯುಧವಾಯಿತು. ಚೌಕಾಸಿ ಮಾಡುವವರಿಗೂ ಅವಳು, "ತಡೀರಿ, ಇನ್ನಾಸಪ್ಪೋರ್ನ ಕರೀತೀನಿ" ಎನ್ನುತ್ತಾಳೆ.

ಇನ್ನಾಸಪ್ಪನವರ ದೇವರು ಸಿಟ್ಟಾಗುವ ದೇವರಲ್ಲ. ಮಿಂಚು, ಗುಡುಗು, ಶಿಕ್ಷೆ, ನರಕ ಇವುಗಳಲ್ಲಿ ಯಾವುದನ್ನೂ ಅವರು ಯಾರಿಗೂ ತೋರಿಸಿ ಹೆದರಿಸಿದವರಲ್ಲ. ಅವರ ದೇವರಿಗೆ ಬೇಜಾರಾಗುತ್ತದೆ. ಮುಖ ಸಪ್ಪಗಾಗುತ್ತದೆ. ಇದನ್ನು ಅವರಿಗೆ ಹೇಳಿಕೊಟ್ಟವರು ಅವರ ಅಜ್ಜಿ. ಹುಡುಗನಾಗಿದ್ದಾಗ ಪಕ್ಕದ ಮನೆಯ ಸೀಬೆಕಾಯಿ ಕದ್ದು ಸಿಕ್ಕಿಬಿದ್ದ ಇನ್ನಾಸಪ್ಪ, ದೇವರು ಹೊಡೆಯುತ್ತಾನೆಯೇ ಎಂದು ಕೇಳಿದನಂತೆ. ಅಜ್ಜಿ ರಾಗಿ ಬೀಸುತ್ತಲೇ, "ದೇವ್ರು ಬಡಿಯಕ್ಕಿಲ್ಲ ಕಣೋ ಮಗಾ. ನೀನ್ ತಪ್ಪು ಮಾಡಿದ್ ದಿನ ಅವ್ನು ಉಣ್ಣಕ್ಕಿಲ್ಲ, ಅಷ್ಟೇಯ" ಎಂದಳಂತೆ. ಅಂದು ಸಂಜೆ ಹುಡುಗ ತನ್ನ ಪಾಲಿನ ಮುದ್ದೆಯನ್ನು ಅರ್ಧ ಮುರಿದು, ಗೋಡೆಯ ಮೇಲಿದ್ದ ಯೇಸುವಿನ ಪಟದ ಮುಂದಿಟ್ಟು, ಉಣ್ಣು ಉಣ್ಣು ಎಂದು ಬೇಡಿಕೊಳ್ಳುತ್ತಾ ಅಲ್ಲೇ ನಿದ್ದೆ ಹೋದ. ಮುದ್ದೆಯನ್ನು ಇರುವೆ ತಿಂದವು. ಆದರೆ ತಪ್ಪಿಗೂ ಮೇಲಿನವರ ಹಸಿವಿಗೂ ಇರುವ ಆ ನಂಟು ಅವರ ಮನಸ್ಸಿನಿಂದ ಇವತ್ತಿನವರೆಗೂ ಹೋಗಿಲ್ಲ.

"ಕೋಪ ಬಂದೋರ ಕಾಲಿಗೆ ಬಿದ್ದು ಎದ್ದು ಹೋಗ್ಬೋದು" ಎನ್ನುತ್ತಾರೆ ಅವರು. "ಬೇಜಾರಾದೋರ ಪಕ್ಕದಲ್ಲಿ ಕೂತ್ಕೋಬೇಕಾಗುತ್ತೆ. ಅದು ಕಷ್ಟದ ಕೆಲ್ಸ."

ಅವರ ಹೆಂಡತಿ ಮದಲೇನಮ್ಮನಿಗೆ ಈ ಮಾತಿನ ಮೇಲೆ ಗೌರವವಿದೆ, ಆದರೆ ಅದನ್ನು ತೋರಿಸಿಕೊಳ್ಳುವ ಅಭ್ಯಾಸವಿಲ್ಲ. "ಹಗಲೂ ರಾತ್ರಿ ನೀವು ಪಕ್ಕದಲ್ಲಿ ಕೂತೂ ಕೂತೂ, ಪಾಪ ದೇವ್ರಿಗೆ ನಗೋದೇ ಮರೆತೋಗಿರುತ್ತೆ" ಎನ್ನುತ್ತಾರೆ.

ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಇನ್ನಾಸಪ್ಪನವರು ತಮ್ಮ ಇಡೀ ಕೆಲಸದ ಕಾಲವನ್ನು ಕಳೆದರು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಬೆಳಕಿಗೆ ಹಿಡಿದು, ಅಳತೆ ನೋಡಿ, ಸರಿಯಿದ್ದರೆ ಎಡಕ್ಕೆ, ಇಲ್ಲದಿದ್ದರೆ ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟು ಬಲಕ್ಕೆ ಸರಿಸುವುದು. ಕೆಂಪು ಚುಕ್ಕೆ ಇಡುವಾಗ ಅವರಿಗೆ ಆ ಲೋಹದ ತುಂಡಿನ ಮೇಲೂ ಕನಿಕರ ಬರುತ್ತಿತ್ತೆಂದು ಜೊತೆಯವರು ನಗುತ್ತಾರೆ. ಕಾರ್ಖಾನೆ ಕೊಟ್ಟ ನೀಲಿ ಕೋಟನ್ನು ನಿವೃತ್ತಿಯಾದ ಮೇಲೂ ಅವರು ಬಿಡಲಿಲ್ಲ. ಮೊಣಕೈಗೆ ಎರಡು ಸಲ ತೇಪೆ ಬಿದ್ದಿದೆ. ನಡಿಗೆಯೂ ಕಾರ್ಖಾನೆಯದೇ: ಹಿಮ್ಮಡಿಯನ್ನು ಮೆಲ್ಲಗೆ ಊರಿ, ಒಂದು ಕ್ಷಣ ನಿಂತು, ಆಮೇಲೆ ಪೂರ್ತಿ ಭಾರ ಬಿಡುತ್ತಾರೆ, ನೆಲ ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ಹಾಗೆ.

ಈಗ ಅವರ ಕೆಲಸ ನಮ್ಮ ಹಿಂದಿನ ಬೀದಿಯ ಚರ್ಚಿನಲ್ಲಿ. ಬಾಗಿಲು ತೆಗೆಯುವುದು, ಗಂಟೆ ಹೊಡೆಯುವುದು, ಬಲಿಪೀಠದ ಬಟ್ಟೆಗೆ ಇಸ್ತ್ರಿ ಹಾಕುವುದು. ಯಾರೂ ಹೇಳದೆ ಮೈಮೇಲೆ ಹಾಕಿಕೊಂಡ ಇನ್ನೊಂದು ಕೆಲಸವೆಂದರೆ, ಪೂಜೆ ನಡೆಯುವಾಗ ಹೊರಗೆ ಬಿಟ್ಟ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ, ಮೂತಿ ರಸ್ತೆಯ ಕಡೆಗಿರುವಂತೆ ಸಾಲಾಗಿ ಇಡುವುದು. ಊರಿನವರ ಮುಖಕ್ಕಿಂತ ಅವರಿಗೆ ಚಪ್ಪಲಿಗಳ ಪರಿಚಯ ಹೆಚ್ಚು. "ಹೋದ ಭಾನುವಾರ ನೀವು ಬರ್ಲಿಲ್ಲ" ಎಂದು ಅವರು ಯಾರಿಗಾದರೂ ಹೇಳಿದರೆ, ಅವರು ಕಂಡದ್ದು ಮನುಷ್ಯರಿಲ್ಲದ್ದನ್ನಲ್ಲ, ಸಾಲಿನಲ್ಲಿ ಆ ಜೋಡಿ ಇಲ್ಲದ್ದನ್ನು.

ಹೀಗೆ ಇದ್ದ ಇನ್ನಾಸಪ್ಪನವರ ಕೈಗೆ ಪವಿತ್ರ ಗುರುವಾರದ ಕಾಲು ತೊಳೆಯುವ ಆಚರಣೆಯೂ ಸಿಕ್ಕಿತು. ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಮುಂಚಿನ ಆ ಗುರುವಾರ, ಯೇಸುಸ್ವಾಮಿ ತಮ್ಮ ಶಿಷ್ಯರ ಕಾಲು ತೊಳೆದ ನೆನಪಿಗೆ, ಊರಿನ ಹನ್ನೆರಡು ಮಂದಿಯನ್ನು ಬಲಿಪೀಠದ ಮುಂದೆ ಬೆಂಚಿನಲ್ಲಿ ಕೂರಿಸುತ್ತಾರೆ. ಫಾದರ್ ಸೊಂಟಕ್ಕೆ ಬಿಳಿಯ ಟವೆಲ್ ಕಟ್ಟಿಕೊಂಡು, ಮಂಡಿಯೂರಿ ಒಬ್ಬೊಬ್ಬರ ಕಾಲನ್ನೂ ತೊಳೆದು ಒರೆಸುತ್ತಾರೆ. ಬೋಗುಣಿ ಹಿಡಿಯುವವರು ಇನ್ನಾಸಪ್ಪನವರು. ಹಿಂದಿನ ಫಾದರ್ ಇದ್ದಾಗ ಒಂದು ವರ್ಷ ಡಾಂಬರು ಮೆತ್ತಿದ ಕಾಲೊಂದು ಆ ಬೆಂಚಿಗೆ ಬಂದು, ಟವೆಲ್ಲಿನ ತುಂಬ ಕಪ್ಪಾಯಿತು. ದೇವರ ಮುಖ ಸಪ್ಪಗಾದುದನ್ನು ತಾವು ಕಣ್ಣಾರೆ ಕಂಡೆವೆಂದೇ ಇನ್ನಾಸಪ್ಪನವರು ನಂಬಿದರು. ಮುಂದಿನ ವರ್ಷದಿಂದ ತಪಾಸಣೆ ಶುರುವಾಯಿತು.

ಆ ಗುರುವಾರಕ್ಕೆ ಮುಂಚೆ ಬರುವ ಗರಿಗಳ ಭಾನುವಾರ, ಪೂಜೆ ಮುಗಿದ ಮೇಲೆ, ಆಯ್ಕೆಯಾದ ಹನ್ನೆರಡು ಮಂದಿ ಚರ್ಚಿನ ಹಿಂದಿನ ಜಗಲಿಯಲ್ಲಿ ಪ್ಯಾಂಟು ಮಡಚಿಕೊಂಡು ಕೂರಬೇಕು. ಇನ್ನಾಸಪ್ಪನವರು ಕನ್ನಡಕ ಏರಿಸಿಕೊಂಡು ಒಂದು ತುದಿಯಿಂದ ನೋಡುತ್ತಾ ಬರುತ್ತಾರೆ. ಉಗುರು ಕತ್ತರಿಸಿದೆಯೇ, ಹಿಮ್ಮಡಿ ಉಜ್ಜಿದೆಯೇ, ಬೆರಳ ಸಂದಿಯಲ್ಲಿ ಏನಾದರೂ ಇದೆಯೇ. ಜನರಿಗೂ ಇದು ಹಬ್ಬದ ಒಂದು ತಮಾಷೆಯಾಗಿ ಒಗ್ಗಿಹೋಯಿತು. ಒಬ್ಬರು ಕಾಲಿಗೆ ಸೋಪು ತಿಕ್ಕಿಕೊಂಡು ಬಂದರೆ ಇನ್ನೊಬ್ಬರು ಕೊಬ್ಬರಿ ಎಣ್ಣೆ ಸವರಿಕೊಂಡು ಬಂದರು. ಮತ್ತೊಬ್ಬರು ಮಗಳ ಮದುವೆಗೆಂದು ತಂದ ಪೌಡರು ಹಾಕಿಕೊಂಡು ಬಂದು ಸೀನಿದರು. ಗುರುವಾರ ಬೆಂಚಿನಲ್ಲಿ ಕೂರುವ ಕಾಲುಗಳು ಮಗುವಿನ ಕಾಲಿನಂತೆ ಹೊಳೆಯುತ್ತಿದ್ದವು, ಬೋಗುಣಿಯ ನೀರು ತುಂಬಿದಾಗ ಹೇಗಿತ್ತೋ ಹಾಗೆಯೇ ಚೆಲ್ಲುವಾಗಲೂ ಇರುತ್ತಿತ್ತು.

"ಮೊದ್ಲೇ ತೊಳ್ಕೊಂಡ್ ಬಂದ್ರೆ ಫಾದರ್ ಏನ್ರೀ ತೊಳೀತಾರೆ?" ಎಂದು ಮದಲೇನಮ್ಮ ಒಮ್ಮೆ ಕೇಳಿದರು.

"ನಿಂಗೊತ್ತಾಗಲ್ಲ ಸುಮ್ನಿರು" ಎಂದಿದ್ದರು ಇನ್ನಾಸಪ್ಪನವರು.

ಹೋದ ವರ್ಷ ಆ ಹನ್ನೆರಡರಲ್ಲಿ ಒಬ್ಬ ಬಾಳಪ್ಪ. ಮುದಗಲ್ ಕಡೆಯ ಹುಡುಗ, ಪೀಣ್ಯದಲ್ಲಿ ಲೋಹದ ಸಾಮಾನುಗಳಿಗೆ ಹೊಳಪಿನ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸ. ಬಾಡಿಗೆ ಕೋಣೆಗಳಲ್ಲಿ ಇರುವ ಉತ್ತರ ಕರ್ನಾಟಕದ ಹುಡುಗರ ಪೈಕಿ ಒಬ್ಬ ಆ ಬೆಂಚಿಗೆ ಆಯ್ಕೆಯಾದದ್ದು ಅದೇ ಮೊದಲು. ಚರ್ಚಿನ ಹಾಡುಗಳಲ್ಲಿ ಎಲ್ಲರಿಗಿಂತ ಅರ್ಧ ಸಾಲು ಮುಂದೆ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವನು ಅವನೇ. ಜಗಲಿಯಲ್ಲಿ ಇನ್ನಾಸಪ್ಪನವರು ಅವನ ಮುಂದೆ ಬಂದು ಬಗ್ಗಿದರು, ಬಗ್ಗಿದವರು ಹಾಗೆಯೇ ನಿಂತರು. ಪಾದಗಳು ಕಣಕಾಲಿನವರೆಗೂ ಹಳದಿ ಕಂದು ಬಣ್ಣಕ್ಕೆ ತಿರುಗಿದ್ದವು. ಉಗುರುಗಳು ಕಪ್ಪಾಗಿದ್ದವು, ಹಿಮ್ಮಡಿ ಬಿರಿದಿತ್ತು.

"ಏನಪ್ಪಾ ಇದು?"

"ಇವು ನನ್ ಕಾಲಲ್ರಿ ಅಜ್ಜಾರ, ಕಂಪನಿ ಕಾಲು" ಎಂದು ಬಾಳಪ್ಪ ನಕ್ಕ. "ತೊಟ್ಟಿ ನೀರು ಬೂಟಿನಾಗ ಇಳೀತೈತ್ರಿ. ಕಲ್ಲಿಲೆ ತಿಕ್ಕೀನಿ, ಲಿಂಬಿಹಣ್ಣಿಲೆ ತಿಕ್ಕೀನಿ. ಚರ್ಮ ಹೋಗ್ತೈತಿ, ಬಣ್ಣ ಹೋಗವಲ್ದು."

ಇನ್ನಾಸಪ್ಪನವರು ಸಿಟ್ಟಾಗಲಿಲ್ಲ, ದನಿ ಎತ್ತಲಿಲ್ಲ. ಬಿಡಿಭಾಗವೊಂದನ್ನು ಬಲಕ್ಕೆ ಸರಿಸುವಾಗಿನ ಅದೇ ಕನಿಕರದಿಂದ ಅವನ ಭುಜದ ಮೇಲೆ ಕೈಯಿಟ್ಟು, "ಈ ಸಲ ಬೇಡಪ್ಪ. ಕಾಲು ಸರಿಹೋಗ್ಲಿ, ಮುಂದಿನ ವರ್ಷ ಕೂತ್ಕೊಳ್ಳುವಂತೆ" ಎಂದರು.

ಬಾಳಪ್ಪನ ನಗು ಪೂರ್ತಿ ಹೋಗಲಿಲ್ಲ, ಅರ್ಧಕ್ಕೆ ನಿಂತಿತು. "ಆತ್ರಿ. ಅವ್ವಗ ಫೋನ್ ಮಾಡಿ ಹೇಳಿಬಿಟ್ಟಿದ್ದೆ, ಅಕಿ ಓಣಿಗೆಲ್ಲ ಹೇಳ್ಯಾಳ... ಇರ್ಲಿ ಬಿಡ್ರಿ, ಏನಾರ ಹೇಳ್ತೀನಿ" ಎಂದು ಪ್ಯಾಂಟಿನ ಮಡಿಕೆ ಇಳಿಸಿಕೊಂಡು ಹೋದ. ಉಳಿದವರು ತಮ್ಮ ತಮ್ಮ ಕಾಲು ನೋಡಿಕೊಂಡರು.

ಅಂದು ಸಂಜೆ ಮನೆಯಲ್ಲಿ ಪಟದ ಮುಂದೆ ದೀಪ ಹಚ್ಚಿದ ಇನ್ನಾಸಪ್ಪನವರಿಗೆ ಯೇಸುವಿನ ಮುಖ ಸಪ್ಪಗೆ ಕಂಡಿತು. ಬತ್ತಿ ಏರಿಸಿದರು. ಗಾಜು ಒರೆಸಿದರು. ಮುಖ ಹಾಗೆಯೇ ಇತ್ತು. ಯಾರದೋ ತಪ್ಪು ನಡೆದಿದೆ, ತಾವು ಗಮನಿಸಿಲ್ಲ, ಸಮಾಧಾನ ಹೇಳುವುದು ಬಿಟ್ಟುಹೋಗಿದೆ ಎಂದು ಅವರಿಗೆ ಖಚಿತವಾಯಿತು. ಮಾರನೆಯ ದಿನ ಅವರು ಕೋಟು ತೊಟ್ಟು ವಿಚಾರಣೆಗೆ ಹೊರಟರು.

ಮೊದಲು ಪಕ್ಕದ ಮನೆಯ ನಲ್ಲಪ್ಪ. ಕಾರ್ಖಾನೆಯಲ್ಲಿ ಜೊತೆಗಿದ್ದವರು, ಚರ್ಚಿನಲ್ಲೂ ಪಕ್ಕದಲ್ಲೇ ಕೂರುವವರು.

"ನಲ್ಲಪ್ಪ, ನಿನ್ನೆ ಏನಾದ್ರೂ ಮಾಡಿದ್ಯೇನೋ?"

"ಏನ್ ಮಾಡಿದ್ನೋ?"

"ಮುಖ ಸಪ್ಪಗಿದೆ. ಮೇಲೆ."

ನಲ್ಲಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ತಪಸ್ಸುಕಾಲದಲ್ಲಿ ಮಾಂಸ ತಿನ್ನಲ್ಲ ಅಂತ ಎಲ್ರಿಗೂ ಹೇಳ್ಬಿಟ್ಟು, ಜಾಲಹಳ್ಳಿ ಕ್ರಾಸ್‌ನಲ್ಲಿ ಒಂದು ಪ್ಲೇಟ್ ಬಿರಿಯಾನಿ ಹೊಡೆದ್ಬಿಟ್ಟೆ ಕಣೋ. ಅರ್ಧ ಪ್ಲೇಟ್ ಅಂದ್ಕೊಂಡೇ ಕೂತಿದ್ದೆ."

ಇನ್ನಾಸಪ್ಪನವರು ಅಲ್ಲಿಯೇ ಟೋಪಿ ತೆಗೆದು ಸಮಾಧಾನ ಹೇಳಿದರು. ಮುಂದೆ ಶಿವಲಿಂಗಮ್ಮ: ಮೊಳ ಹಾಕುವಾಗ ಮೊಣಕೈ ಸ್ವಲ್ಪ ಮಡಚಿದ್ದುಂಟೆಂದು ಒಪ್ಪಿಕೊಂಡಳು. "ನಮ್ ದೇವ್ರಿಗೂ ಸೇರ್ಸಿ ಒಂದ್ ಮಾತ್ ಹೇಳ್ಬಿಡಿ ಸಾಮಿ" ಎಂದಳು. ಅದನ್ನೂ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಬೀದಿಯ ಸಣ್ಣಪುಟ್ಟ ಗುಟ್ಟುಗಳೆಲ್ಲ ಹೊರಬಿದ್ದಿದ್ದವು. ಎಲ್ಲರ ಪರವಾಗಿಯೂ ಮಾತನಾಡಿ ದಣಿದು ಮನೆಗೆ ಬಂದು ನೋಡಿದರೆ, ಪಟದ ಮುಖ ನಿನ್ನೆಯ ಹಾಗೆಯೇ ಇದೆ.

"ಎಲ್ರನ್ನೂ ಕೇಳಿದೆ ಮದಲೇನ. ಯಾರೂ ಉಳಿದಿಲ್ಲ."

ಮದಲೇನಮ್ಮ ಸೊಪ್ಪು ಬಿಡಿಸುತ್ತಿದ್ದರು. "ಒಬ್ರು ಉಳಿದಿದಾರೆ."

"ಯಾರು?"

"ಕಾಲು ತೊಳೀತಾರೆ ಅಂತ ಬಂದ ಹುಡುಗನ್ನ, ಕಾಲು ಗಲೀಜು ಅಂತ ಕಳ್ಸಿದ್ರಲ್ಲ, ಅವ್ರು." ಹಾಗೆಂದು ತಲೆಯೆತ್ತದೆ ಇನ್ನೊಂದು ಕಟ್ಟು ಬಿಚ್ಚಿದರು.

ಇನ್ನಾಸಪ್ಪನವರು ಎದ್ದು, ಪಟದ ಮುಂದೆ ನಿಂತು, ಅಭ್ಯಾಸದಂತೆ ಟೋಪಿ ತೆಗೆದರು. "ಬೇಜಾರ್ ಮಾಡ್ಕೋಬೇಡಿ ಸ್ವಾಮಿ, ಅವ್ನು ಒಳ್ಳೇವ್ನೇ..." ಎಂದು ಶುರುಮಾಡಿದರು. ಭಾನುವಾರ ಬೆಳಗ್ಗೆ ಅವರು ಹೊಟ್ಟೆ ತುಂಬ ಇಡ್ಲಿ ತಿಂದಿದ್ದರು, ಆ ನೆಪ ಹೇಳುವಂತಿರಲಿಲ್ಲ. ಊರಿನವರ ತಪ್ಪಿಗೆಲ್ಲ ಒಂದೊಂದು ಕಾರಣ ಹುಡುಕಿ ಕೊಡುತ್ತಿದ್ದ ಮನುಷ್ಯನಿಗೆ ತನ್ನ ತಪ್ಪಿಗೆ ಒಂದೂ ಸಿಗಲಿಲ್ಲ. ಅಂದು ರಾತ್ರಿ ಮುದ್ದೆ ತಟ್ಟೆಯಲ್ಲೇ ಉಳಿಯಿತು.

ಮಾರನೆಯ ಬೆಳಗ್ಗೆ ಬಾಳಪ್ಪನ ಕೋಣೆಗೆ ಹೋದರು. ಒಳಗೆ ಹಗ್ಗದ ಮೇಲೆ, ಜೊತೆಯ ಹುಡುಗರು ಸೇರಿ ಇಸ್ತ್ರಿ ಮಾಡಿಸಿಟ್ಟ ಒಂದು ಬಿಳಿ ಅಂಗಿ ನೇತಾಡುತ್ತಿತ್ತು. ಇನ್ನಾಸಪ್ಪನವರು ಹೊಸ್ತಿಲಲ್ಲೇ, "ತಪ್ಪಾಯ್ತಪ್ಪ. ಗುರುವಾರ ಬಾ" ಎಂದರು.

ಬಾಳಪ್ಪನಿಗೆ ಮುಜುಗರವಾಯಿತು. "ಬ್ಯಾಡ್ರಿ ಅಜ್ಜಾರ. ಬಿಳೀ ಟವೆಲ್ಲು ಹೊಲಸಾಗ್ತೈತಿ. ಮತ್ತ ಗುರುವಾರದ ರಜಾನೂ ಬಿಟ್ಟುಕೊಟ್ಟೀನ್ರಿ, ಬ್ಯಾರೆಯವ್ನು ತಗೊಂಡಾನ."

ಹಿಮ್ಮಡಿ ಊರಿ, ನಿಂತು, ಮತ್ತೆ ಭಾರ ಬಿಡುವ ಆ ನಡಿಗೆಯಲ್ಲೇ ಇನ್ನಾಸಪ್ಪನವರು ಪೀಣ್ಯದ ಆ ಶೆಡ್ಡಿನವರೆಗೂ ಹೋದರು. ಸೂಪರ್‌ವೈಸರ್ ಚಿರಂಜೀವಿ ಫೋನು ಕಿವಿಗಿಟ್ಟುಕೊಂಡೇ ಕೇಳಿಸಿಕೊಂಡ.

"ಅವ್ನೇ ರಜಾ ಬೇಡ ಅಂದ ಅಜ್ಜ. ಈಗ ಬೇಕು ಅಂದ್ರೆ ನಾನ್ ಎಲ್ಲಿಂದ ತರ್ಲಿ ಗುರು? ಆರ್ಡರ್ ಬೇರೆ ತಲೆ ಮೇಲೆ ಕೂತಿದೆ."

ಇನ್ನಾಸಪ್ಪನವರ ಕೈ ತಾನಾಗಿಯೇ ಟೋಪಿಗೆ ಹೋಯಿತು, ಕತ್ತು ಮೇಲಕ್ಕೆದ್ದಿತು. ಚಿರಂಜೀವಿ ಗಾಬರಿಯಿಂದ ತಾನೂ ಮೇಲೆ ನೋಡಿದ. "ಏನ್ ಅಜ್ಜ, ಫ್ಯಾನ್ ಅಲ್ಲಾಡ್ತಿದ್ಯಾ?"

ಆದರೆ ಬಾಯಿಗೆ ಬಂದ ಮಾತನ್ನು ಇನ್ನಾಸಪ್ಪನವರು ನುಂಗಿಕೊಂಡರು. ಟೋಪಿಯನ್ನು ಕೈಯಲ್ಲೇ ಹಿಡಿದು, ಮೇಲಿನಿಂದ ಕಣ್ಣು ತೆಗೆದು, ಎದುರಿಗಿದ್ದವನನ್ನೇ ನೋಡಿದರು. "ತಪ್ಪು ನಿಮ್ದಲ್ಲ ಸಾರ್, ಅವನ್ದೂ ಅಲ್ಲ. ನಾನು ಅವ್ನನ್ನ ಕಾಲು ನೋಡಿ ವಾಪಸ್ ಕಳ್ಸಿದೆ. ಅವ್ನು ಬರ್ದಿದ್ರೆ ನಂಗೆ ಬೋಗುಣಿ ಹಿಡಿಯೋ ಮುಖ ಇಲ್ಲ."

ಚಿರಂಜೀವಿ ಫೋನು ಜೇಬಿಗೆ ಹಾಕಿದ. ಅವನಿಗೆ ಬೋಗುಣಿಯ ವಿಷಯ ಅರ್ಥವಾಗಲಿಲ್ಲ, ಮುಖದ ವಿಷಯ ಅರ್ಥವಾಯಿತು. "ಸಂಜೆ ಟೀ ಬ್ರೇಕಿಗೆ ಇನ್ನೊಂದು ಗಂಟೆ ಸೇರ್ಸಿ ಬಿಡ್ತೀನಿ. ಸ್ನಾನ ಗೀನ ಅಂತ ರೂಮಿಗೆ ಹೋಗಂಗಿಲ್ಲ, ಹೆಂಗಿದಾನೋ ಹಂಗೇ ಹೋಗ್ಬೇಕು, ಹಂಗೇ ಬರ್ಬೇಕು. ಆಗುತ್ತಾ?"

"ಹಂಗೇ ಬರ್ಲಿ ಸಾರ್."

ಗುರುವಾರ ಸಂಜೆ ಚರ್ಚು ತುಂಬಿತು. ಬೆಂಚಿನ ಮೇಲೆ ಹನ್ನೊಂದು ಮಂದಿ, ಕೊನೆಯಲ್ಲಿ ಒಂದು ಜಾಗ ಖಾಲಿ. ಫಾದರ್ ಅವರ ಉಪದೇಶ ಮುಗಿಯುತ್ತಾ ಬಂತು. ಇನ್ನಾಸಪ್ಪನವರು ಬೋಗುಣಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದರು. ನಲ್ಲಪ್ಪ ಮುಂದಿನ ಸಾಲಿನಿಂದ ಬಗ್ಗಿ ಪಿಸುಗುಟ್ಟಿದರು.

"ಜಾಗ ಖಾಲಿ ಇದೆ, ನಾನ್ ಕೂತ್ಕೊಳ್ಳಲೇನೋ? ಕಾಲು ಚೆನ್ನಾಗ್ ತೊಳ್ದಿದೀನಿ."

"ಅದಕ್ಕೇ ಬೇಡ" ಎಂದರು ಇನ್ನಾಸಪ್ಪನವರು.

ಫಾದರ್ ಟವೆಲ್ ಕಟ್ಟಿಕೊಂಡು ಮೊದಲನೆಯವರ ಮುಂದೆ ಮಂಡಿಯೂರಿದರು. ಹಾಡು ಶುರುವಾಯಿತು. ಎರಡನೆಯವರು, ಮೂರನೆಯವರು. ಹೊಳೆಯುವ ಕಾಲುಗಳಿಂದ ತಿಳಿನೀರು ಬೋಗುಣಿಗೆ ಇಳಿಯುತ್ತಿತ್ತು. ಬೆಂಚು ಅರ್ಧ ದಾಟಿತು, ಖಾಲಿ ಜಾಗ ಖಾಲಿಯೇ ಇತ್ತು. ಆಗ ಹಿಂದಿನಿಂದ, ಎಲ್ಲರಿಗಿಂತ ಅರ್ಧ ಸಾಲು ಮುಂದೆ ಒಂದು ಗಟ್ಟಿ ದನಿ ಹಾಡಿಗೆ ಸೇರಿತು. ಬಾಳಪ್ಪ ಕಂಪನಿಯ ಬೂಟನ್ನು ಬಾಗಿಲಲ್ಲಿ ಬಿಟ್ಟು, ಜೊತೆಯ ಹುಡುಗರು ಕೋಣೆಯಿಂದ ತಂದುಕೊಟ್ಟ ಆ ಬಿಳಿ ಅಂಗಿಯನ್ನು ಕೆಲಸದ ಅಂಗಿಯ ಮೇಲೆಯೇ ತೊಟ್ಟು, ಹಾಡುತ್ತಲೇ ನಡೆದು ಬಂದು ಕೊನೆಯ ಜಾಗದಲ್ಲಿ ಕುಳಿತ. ಕುಳಿತವನು ಕಾಲುಗಳನ್ನು ಬೆಂಚಿನ ಕೆಳಕ್ಕೆ ಎಳೆದುಕೊಂಡ.

ಇನ್ನಾಸಪ್ಪನವರು ಬಗ್ಗಿ, ಆ ಕಾಲನ್ನು ತಾವೇ ಮೆಲ್ಲಗೆ ಹೊರಗೆ ತಂದು ಬೋಗುಣಿಯ ಮೇಲೆ ಇಟ್ಟರು. ನೀರು ಬಿದ್ದ ಕೂಡಲೇ ದಿನವಿಡೀ ಬೂಟಿನಲ್ಲಿ ಕೂತಿದ್ದ ಕೊಳೆ ಕರಗಿ ಇಳಿಯಿತು, ಬೋಗುಣಿಯ ನೀರು ಕಂದು ಬಣ್ಣಕ್ಕೆ ತಿರುಗಿತು. ಫಾದರ್ ಬೆರಳ ಸಂದಿಗಳನ್ನು ಉಜ್ಜಿದರು, ಹಿಮ್ಮಡಿಯ ಬಿರುಕುಗಳನ್ನು ಉಜ್ಜಿದರು, ಇನ್ನಷ್ಟು ನೀರು ಕೇಳಿದರು. ಟವೆಲ್ಲಿನ ತುಂಬ ಹಳದಿ ಕಲೆ. ಏಳುವಾಗ ಫಾದರ್ ಇನ್ನಾಸಪ್ಪನವರ ಕಿವಿಯ ಹತ್ತಿರ, "ಇನ್ನಾಸಪ್ಪೋರೇ, ನಾನ್ ಈ ಚರ್ಚಿಗೆ ಬಂದ್ಮೇಲೆ ಗುರುವಾರ ನಂಗೆ ಕೆಲ್ಸ ಅಂತ ಸಿಕ್ಕಿದ್ದು ಇವತ್ತೇ" ಎಂದು ನಕ್ಕರು.

ಬಾಳಪ್ಪನ ಜೊತೆಯ ಹುಡುಗನೊಬ್ಬ ಇದೆಲ್ಲವನ್ನೂ ಫೋನಿನಲ್ಲಿ ಮುದಗಲ್ಲಿನ ಓಣಿಗೆ ತೋರಿಸುತ್ತಿದ್ದ. "ಪಾದ ಬಿಟ್ಟು ಮಾರಿ ತೋರ್ಸೋ" ಎಂದು ಬಾಳಪ್ಪನ ಅವ್ವ ಕೂಗಿದ್ದು ಅರ್ಧ ಚರ್ಚಿಗೆ ಕೇಳಿಸಿತು.

ಮನೆಗೆ ಹೋಗುವ ದಾರಿಯಲ್ಲಿ ಇನ್ನಾಸಪ್ಪನವರು ಮೆಟ್ರೋ ಕಂಬದ ಕೆಳಗೆ ಅಭ್ಯಾಸದಂತೆ ನಿಂತರು. ಟೋಪಿ ತೆಗೆಯಲಿಲ್ಲ. ಸ್ವಲ್ಪ ಹೊತ್ತು ಮೇಲೆ ನೋಡಿ, "ಇವತ್ತು ಅಲ್ಲಿ ಊಟ ಆಗಿರುತ್ತೆ" ಎಂದರು.

"ಇಲ್ಲೂ ಆಗ್ಲಿ, ನಡೀರಿ" ಎಂದು ಮದಲೇನಮ್ಮ ಅವರ ಕೋಟಿನ ತೋಳು ಹಿಡಿದು ಎಳೆದರು.

ಆ ಟವೆಲ್ಲಿನ ಕಲೆ ಹೋಗಲಿಲ್ಲ. ಇನ್ನಾಸಪ್ಪನವರು ಅದಕ್ಕೆ ಇಸ್ತ್ರಿ ಹಾಕಿ ಬಲಿಪೀಠದ ಬಟ್ಟೆಗಳ ಜೊತೆಯಲ್ಲೇ ಮಡಚಿಟ್ಟಿದ್ದಾರೆ. ಈ ವರ್ಷವೂ ಗರಿಗಳ ಭಾನುವಾರ ಜಗಲಿಯಲ್ಲಿ ತಪಾಸಣೆ ನಡೆಯಿತು, ಬಿಡುವುದಕ್ಕೆ ಅವರಿಂದ ಆಗಲಿಲ್ಲ. ಎಣ್ಣೆ ಸವರಿಕೊಂಡು ಬಂದ ಒಬ್ಬರ ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿ, "ಇಷ್ಟೊಂದು ಹೊಳೆದ್ರೆ ಹೆಂಗಪ್ಪ? ಗುರುವಾರ ಸ್ವಲ್ಪ ನಡ್ಕೊಂಡ್ ಬಾ" ಎಂದು ಕಳುಹಿಸಿದರಂತೆ.

ಇಂಥವರು ಪ್ರತಿಯೊಂದು ಬಡಾವಣೆಯಲ್ಲೂ ಒಬ್ಬಿಬ್ಬರು ಇರುತ್ತಾರೆ. ದೇವರ ಕೋಪಕ್ಕೆ ಹೆದರಿ ನೆಟ್ಟಗಿರುವವರ ನಡುವೆ, ದೇವರಿಗೆಲ್ಲಿ ನೋವಾದೀತೋ ಎಂದು ಮನೆಯವರ ಹಾಗೆ ಸಂಕಟಪಡುವ ಜನ. ಅವರೂ ತಪ್ಪು ಮಾಡುತ್ತಾರೆ. ದೇವರ ಬಿಳಿ ಬಟ್ಟೆಯನ್ನು ಕಾಯುವ ಆತುರದಲ್ಲಿ, ದೇವರು ಯಾರಿಗಾಗಿ ಮಂಡಿಯೂರಿ ಕಾದಿದ್ದಾನೋ ಅವರನ್ನೇ ಬಾಗಿಲಿನಿಂದ ಕಳುಹಿಸಿಬಿಡುವಂಥ ತಪ್ಪು ಬಹುಶಃ ಅವರಿಂದ ಮಾತ್ರ ಸಾಧ್ಯ. ಆದರೆ ಹೆದರಿದವರು ತಪ್ಪು ಮಾಡಿದಾಗ ಅಡಗಿಕೊಳ್ಳಲು ಜಾಗ ಹುಡುಕುತ್ತಾರೆ. ಇವರು ಚಪ್ಪಲಿ ಮೆಟ್ಟಿಕೊಂಡು, ಮುಖ ಸಪ್ಪಗಾದವರ ಮನೆ ಹುಡುಕುತ್ತಾ ಹೊರಡುತ್ತಾರೆ.